ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ನೀವು ಕೇಳಿದ್ದೀರಿ: ‘ಮನೆ ಝೋನ್ ಎಕ್ಸ್‌ನಲ್ಲಿದೆ (ಸರ್ಕಾರದ ಪ್ರವಾಹ ನಕ್ಷೆಯಲ್ಲಿ ಅಪಾಯ ಕಡಿಮೆ ಅಂತ ಗುರುತಿಸಿದ ಜಾಗ), ಬ್ಯಾಂಕ್ ಕಡ್ಡಾಯ ಅಂದಿಲ್ಲ. ಝೋನ್ ಎಕ್ಸ್ ಸೇಫಾ? ಫ್ಲಡ್ ಇನ್ಶೂರೆನ್ಸ್ ದಂಡ ಅಲ್ವಾ?’

ಇದೇ ಮಾತನ್ನು 2017ರ ಮೇ ತಿಂಗಳಲ್ಲಿ ನಾನು ನನ್ನ ಹೆಂಡತಿಗೆ ಹೇಳಿದ್ದೆ. ಒಂದಕ್ಷರ ಬದಲಿಲ್ಲ. ಹಳ್ಳಿ ಕಡೆಯ ಕೌಂಟಿ (ನಮ್ಮ ಜಿಲ್ಲೆ ಥರ), ಕ್ಲೋಸಿಂಗ್‌ಗೆ, ಅಂದರೆ ಸಹಿ ಹಾಕಿ ಮನೆ ಕೈಗೆ ಬರುವ ದಿನಕ್ಕೆ, ಮೂರು ವಾರ ಅಂತ ಬರೆದಿದ್ದೀರಿ. ಅದೂ ಹಾಗೇ.

ನಮ್ಮದು ನಾರ್ತ್ ಕ್ಯಾರೊಲೈನಾದ ಡುಪ್ಲಿನ್ ಕೌಂಟಿ. ಮನುಷ್ಯರಿಗಿಂತ ಹಂದಿಗಳೇ ಜಾಸ್ತಿ, ತಮಾಷೆಗೆ ಹೇಳ್ತಿಲ್ಲ. ಹೆಂಡತಿ ಡಾಕ್ಟರು. ವೀಸಾ ನಿಯಮದ ಪ್ರಕಾರ ಮೂರು ವರ್ಷ ಹಳ್ಳಿ ಆಸ್ಪತ್ರೆಯಲ್ಲಿ ದುಡಿಯಬೇಕಿತ್ತು. ಬಾಡಿಗೆ ಮನೆ ಸಿಗಲಿಲ್ಲ, ಕೊಂಡೆವು. ಹಿತ್ತಲಿಂದ ಕಾಲು ಮೈಲಿ ದೂರದಲ್ಲಿ ಒಂದು ಹಳ್ಳ, ಅದು ಹೋಗಿ ನಾರ್ತ್‌ಈಸ್ಟ್ ಕೇಪ್ ಫಿಯರ್ ನದಿ ಸೇರುತ್ತೆ. ಬೇಸಿಗೆಯಲ್ಲಿ ದಾಟಿದರೆ ಪಾದ ಸರಿಯಾಗಿ ನೆನೆಯಲ್ಲ. ನಾನು ಶಿವಮೊಗ್ಗದವನು, ಮಳೆ ಅಂದ್ರೆ ಏನು ಅಂತ ಇವರು ನನಗೆ ಹೇಳಿಕೊಡಬೇಕಾ ಅನ್ನೋ ಜಂಬ ಬೇರೆ. 2016ರಲ್ಲಿ ಮ್ಯಾಥ್ಯೂ ಚಂಡಮಾರುತ ಬಂದಾಗಲೂ ಈ ಮನೆಗೆ ನೀರು ಬಂದಿಲ್ಲ ಅಂದರು ಮಾರಿದವರು. ಅದು ನಿಜವೇ ಆಗಿತ್ತು.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಕ್ಲೋಸಿಂಗ್ ಮುಂಚೆ ಏಜೆಂಟ್ ಒಂದು ಕೋಟೇಶನ್ ಕಳಿಸಿದ್ದರು. ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000. ಸರ್ಕಾರದ ಫ್ಲಡ್ ಇನ್ಶೂರೆನ್ಸ್‌ನಲ್ಲಿ ಒಂದು ಮನೆಗೆ ಸಿಗುವ ಗರಿಷ್ಠ ಮೊತ್ತವೇ ಅಷ್ಟು. ಪ್ರೀಮಿಯಂ ಆಗ ವರ್ಷಕ್ಕೆ ನಾನೂರ ಚಿಲ್ಲರೆ. ಸಹಿ ಒಂದೇ ಬಾಕಿ. ನಾನು ‘ಜೂನ್‌ನಲ್ಲಿ ಊರಿಗೆ ಹೋಗಿ ಬರ್ತೀನಿ, ಬಂದು ಮಾಡೋಣ’ ಅಂದೆ. ಬಂದೆ, ಮರೆತೆ. ಪೂರ್ತಿ ಮರೆತೆ ಅಂದ್ರೆ ಸುಳ್ಳು. ಆ ಈಮೇಲ್ ಎರಡು ಮೂರು ಸಲ ಕಣ್ಣಿಗೆ ಬಿದ್ದಿತ್ತು. ಕಾರಿನ ಇನ್ಶೂರೆನ್ಸ್ ಥರ ಇದೂ ಬೇಕಾದ ದಿನ ದುಡ್ಡು ಕಟ್ಟಿದರೆ ಆವತ್ತಿಂದಲೇ ಶುರು ಅಂದುಕೊಂಡಿದ್ದೆ.

ಹಾಗಲ್ಲ. ದುಡ್ಡು ಕಟ್ಟಿ 30 ದಿನ ಆಗೋವರೆಗೂ ಪಾಲಿಸಿ ಜಾರಿಗೆ ಬರಲ್ಲ. ಆದರೆ ಮನೆ ಸಾಲದ ಜೊತೆಗೇ, ಕ್ಲೋಸಿಂಗ್ ಹೊತ್ತಿಗೆ ಮಾಡಿಸಿದರೆ ಆ 30 ದಿನದ ಕಾಯುವಿಕೆಯೇ ಇಲ್ಲ. ಅಂದರೆ ನನ್ನ ಕೈಯಲ್ಲಿದ್ದ ಆ ಕಾಗದಕ್ಕೆ ಒಂದು ಸಹಿ ಹಾಕಿದ್ದರೆ ಅದೇ ದಿನದಿಂದ ರಕ್ಷಣೆ ಇರುತ್ತಿತ್ತು. ನೀವೀಗ ಅದೇ ಹಂತದಲ್ಲಿದ್ದೀರಿ, ಅದಕ್ಕೇ ಇಷ್ಟು ಕೊರೀತಿದ್ದೀನಿ.

2018ರ ಸೆಪ್ಟೆಂಬರ್ 10, ಸೋಮವಾರ. ಫ್ಲಾರೆನ್ಸ್ ಚಂಡಮಾರುತ ಕೆಟಗರಿ 4 ಅಂತ ಟಿವಿಯಲ್ಲಿ ಬಂತು. ಏಜೆಂಟ್‌ಗೆ ಫೋನ್ ಮಾಡಿದೆ. ಆಕೆ ಪಾಪ ಮೆಲ್ಲಗೆ ಹೇಳಿದರು, ‘ಅಕ್ಟೋಬರ್ 10ಕ್ಕೆ ಜಾರಿಗೆ ಬರುತ್ತೆ.’

ಶುಕ್ರವಾರ ಬೆಳಗ್ಗೆ ರೈಟ್ಸ್‌ವಿಲ್ ಬೀಚ್ ಹತ್ತಿರ ದಡ ಮುಟ್ಟುವಾಗ ಅದು ಕೆಟಗರಿ 1ಕ್ಕೆ ಇಳಿದಿತ್ತು. ನಾವು ಬದುಕಿದೆವು ಅಂದುಕೊಂಡೆವು. ಕೆಟಗರಿ ಗಾಳಿಯ ಲೆಕ್ಕ ಕಣ್ರೀ, ಮಳೆಯದಲ್ಲ. ಮನುಷ್ಯ ನಡೆಯುವ ವೇಗದಲ್ಲಿ ತೆವಳುತ್ತಾ ಸುರಿಯಿತು. ನಮಗೆ ಅಷ್ಟೇನೂ ದೂರವಲ್ಲದ ಎಲಿಜಬೆತ್‌ಟೌನ್‌ನಲ್ಲಿ ಸುಮಾರು 36 ಇಂಚು ದಾಖಲಾಯಿತು, ಅಂದರೆ 900 ಮಿಲಿಮೀಟರ್‌ಗೂ ಮೇಲೆ.

ನೀರು ನಮ್ಮ ಮನೆಗೆ ಬಂದಿದ್ದು ಮಳೆಯಲ್ಲಲ್ಲ. ಮಳೆ ಬಿಟ್ಟ ಮೇಲೆ. ಮಲೆನಾಡಲ್ಲಿ ನೀರು ಬರುತ್ತೆ, ಇಳಿಜಾರಲ್ಲಿ ಓಡಿ ಹೋಗುತ್ತೆ. ಇಲ್ಲಿ ನೆಲ ತಟ್ಟೆಯಂತಿದೆ, ಅದು ಹೋಗೋದಾದರೂ ಎಲ್ಲಿಗೆ? ಮುಂದಿನ ಸೋಮವಾರ ಹೆಂಡತಿ ಆಸ್ಪತ್ರೆಯಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ನಾನು ಒಬ್ಬನೇ ಚಹಾ ಕಾಯಿಸ್ತಿದ್ದೆ. ಹಾಲ್‌ನಿಂದ ಗುಳುಗುಳು ಸದ್ದು. ಬಾಗಿಲಲ್ಲಿ ನೀರಿಲ್ಲ. ನೋಡಿದರೆ ನೆಲದಲ್ಲಿರುವ ಏಸಿ ಜಾಲರಿಯಿಂದ ನೀರು ಉಕ್ಕುತ್ತಿದೆ! ಇಲ್ಲಿಯ ಮನೆಗಳ ಕೆಳಗೆ ತೆವಳಿಕೊಂಡು ಹೋಗುವಷ್ಟು ಜಾಗ ಬಿಟ್ಟಿರ್ತಾರೆ, ಏಸಿ ಕೊಳವೆಗಳೆಲ್ಲ ಅಲ್ಲೇ. ಹೊಸ್ತಿಲು ಕಾಯುತ್ತಾ ಕೂತವನಿಗೆ ನೀರು ಮನೆಯ ನಟ್ಟನಡುವಿನಿಂದ ಬಂತು. ಗ್ಯಾಸ್ ಆರಿಸಿ, ದೇವರ ಫೋಟೊ, ಪಾಸ್‌ಪೋರ್ಟ್ ಹಿಡಿದು ಪಕ್ಕದ ಮನೆಯವರ ಟ್ರಕ್ ಹತ್ತಿದೆ.

ಕೊನೆಗೆ ಒಳಗೆ ನಿಂತಿದ್ದು 14 ಇಂಚು. ಅಷ್ಟಕ್ಕೇ ಗೋಡೆಯ ಹಲಗೆಯನ್ನು ನಾಲ್ಕು ಅಡಿ ಎತ್ತರದವರೆಗೆ ಕೊಯ್ದು ಬಿಸಾಡಬೇಕಾಯಿತು. ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತೆ. ಒಟ್ಟು 60 ಸಾವಿರ ಡಾಲರ್ ದಾಟಿತು. ಮಾಮೂಲಿ ಮನೆ ಇನ್ಶೂರೆನ್ಸ್‌ನವರು ಗಾಳಿಗೆ ಹಾರಿದ ಚಾವಣಿಯ ತುಂಡಿಗೆ ಕೊಟ್ಟರು, ನೆಲದಿಂದ ಏರಿದ ನೀರಿಗೆ ಕೊಡಲಿಲ್ಲ. ಪಾಲಿಸಿಯಲ್ಲೇ ಹಾಗಿದೆ, ಅವರನ್ನು ಬೈದು ಪ್ರಯೋಜನವಿಲ್ಲ. ಸರ್ಕಾರದ ನೆರವು ಬಂತು, ಹೊಸ ಏಸಿಗೆ ಸರಿಹೋಯಿತು. ಉಳಿದದ್ದು ಸಾಲ.

ಹಾಗಾಗಿ ‘ಝೋನ್ ಎಕ್ಸ್ ಸೇಫಾ’ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಝೋನ್ ಇರೋದು ಬ್ಯಾಂಕಿಗೆ, ಯಾರಿಗೆ ಕಡ್ಡಾಯ ಮಾಡಬೇಕು ಅಂತ ತಿಳಿಯಲು. 2021ರ ಅಕ್ಟೋಬರ್‌ನಿಂದ ಪ್ರೀಮಿಯಂ ಕೂಡ ಝೋನ್ ನೋಡಿ ಹಾಕಲ್ಲ, ನಿಮ್ಮ ಮನೆಗೂ ನೀರಿಗೂ ಎಷ್ಟು ದೂರ, ನೆಲ ಎಷ್ಟು ಎತ್ತರ, ಮತ್ತೆ ಕಟ್ಟಲು ಎಷ್ಟು ಬೇಕು ಅಂತ ನೋಡಿ ಹಾಕ್ತಾರೆ. ಹಳ್ಳಿ ಕಡೆ ಸಣ್ಣ ಹಳ್ಳಗಳನ್ನು ಎಷ್ಟೋ ನಕ್ಷೆಗಳಲ್ಲಿ ಅಳೆದೇ ಇರಲ್ಲ. ‘ನೂರು ವರ್ಷದ ಪ್ರವಾಹ’ ಅನ್ನೋ ಮಾತನ್ನೂ ನಂಬಬೇಡಿ. ಅದು ವರ್ಷಕ್ಕೆ ನೂರರಲ್ಲಿ ಒಂದು ಅವಕಾಶ. 30 ವರ್ಷದ ಸಾಲದ ಅವಧಿಗೆ ಲೆಕ್ಕ ಹಾಕಿದರೆ 26% ಆಗುತ್ತೆ.

ಮಾಡಿಸುವಾಗ ಸಾಮಾನಿನ ಕವರೇಜ್ ಬೇರೆಯಾಗಿ ಕೇಳಿ, ಕಟ್ಟಡದ್ದರಲ್ಲಿ ಅದು ಸೇರಿರಲ್ಲ. ಸಾಮಾನಿಗೆ ಕೊಡೋದೂ ಬಳಸಿ ಹಳೆಯದಾದ ಸಾಮಾನಿನ ಬೆಲೆ ಕಟ್ಟಿ, ಹೊಸದರ ಬೆಲೆಯಲ್ಲ. ರಿಪೇರಿ ಆಗೋವರೆಗೆ ಬೇರೆ ಕಡೆ ಇರುವ ಬಾಡಿಗೆ ಕೊಡಲ್ಲ. ಇಷ್ಟಾದರೂ ಮಾಡಿಸಿ. ಪ್ರೀಮಿಯಂ ಭಾರ ಅನ್ನಿಸಿದರೆ ಡಿಡಕ್ಟಿಬಲ್ (ನಷ್ಟದಲ್ಲಿ ಮೊದಲು ನಾವೇ ಭರಿಸಬೇಕಾದ ಮೊತ್ತ) ಏರಿಸಿ, ಪಾಲಿಸಿ ಬಿಡಬೇಡಿ.

ಇನ್ನೊಂದು. ಶಿವಮೊಗ್ಗದಲ್ಲಿ ತುಂಗೆ ಎಷ್ಟು ಬಂದಿದೆ ಅಂತ ತಿಳಿಯಲು ಯಾರೂ ನಕ್ಷೆ ನೋಡಲ್ಲ, ಕೋರ್ಪಲಯ್ಯನ ಮಂಟಪ ಮುಳುಗಿತಾ ಅಂತ ಕೇಳ್ತಾರೆ. ನಿಮ್ಮ ಊರಲ್ಲೂ ಅಂಥದ್ದೊಂದು ಇರುತ್ತೆ. ನಮ್ಮಲ್ಲಿ ಅದು ರಸ್ತೆಯ ಬದಿಯ ಅಂಚೆ ಡಬ್ಬಿ. 1999ರ ಫ್ಲಾಯ್ಡ್ ಚಂಡಮಾರುತದಲ್ಲಿ ನೀರು ಅಲ್ಲಿಯವರೆಗೆ ನಿಂತಿತ್ತಂತೆ. ಹೇಳಿದ್ದು ಪಕ್ಕದ ಮನೆಯ ಅಜ್ಜ, ನನ್ನನ್ನು ಟ್ರಕ್ಕಿನಲ್ಲಿ ಕರೆದುಕೊಂಡು ಹೋಗುವಾಗ. ಮೊದಲೇ ಯಾಕೆ ಹೇಳಲಿಲ್ಲ ಅಂದೆ. ‘ನೀನು ಕೇಳಲೇ ಇಲ್ಲವಲ್ಲ’ ಅಂದರು.

ಕ್ಲೋಸಿಂಗ್‌ಗೆ ಮೊದಲು ಹಾಗೇ ಒಬ್ಬರನ್ನು ಹುಡುಕಿ. ಒಂದು ಡಬ್ಬಿ ಚಕ್ಕುಲಿ ತಗೊಂಡು ಹೋಗಿ, ಮಾತು ತಾನಾಗೇ ಬರುತ್ತೆ.