ದೇವರನ್ನು ರಂಗದ ಮೇಲೆ ಎಲ್ಲಿ ನಿಲ್ಲಿಸುವುದು? ಗ್ರೀಕ್ ನಾಟಕ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹವ್ಯಾಸಿ ತಂಡ. ಯೂರಿಪಿಡೀಸನ ‘ಹಿಪ್ಪೊಲಿಟಸ್’ ಆಡಬೇಕೆಂದಿದ್ದೇವೆ. ಮೊದಲಿಗೆ ಬರುವ ಪ್ರೇಮದೇವತೆ ಆಫ್ರೊಡೈಟಿ, ಕೊನೆಗೆ ಬರುವ ಬೇಟೆಯ ದೇವತೆ ಆರ್ಟೆಮಿಸ್ ಇಬ್ಬರನ್ನೂ ಬಿಟ್ಟು ಮನುಷ್ಯರ ಕಥೆಯನ್ನಷ್ಟೇ ಉಳಿಸಿಕೊಳ್ಳಬಹುದೇ? ಇಟ್ಟುಕೊಂಡರೆ ಹೇಗೆ ತೋರಿಸುವುದು?

ಉತ್ತರ: ಬಿಡಬೇಡಿ. ದೇವತೆಗಳನ್ನು ತೆಗೆದರೆ ಉಳಿಯುವುದು ಮಲಮಗ ಹಿಪ್ಪೊಲಿಟಸನಿಗೆ ಮನಸೋತ ಹೆಂಗಸು ಫೀಡ್ರಾ, ಅವಳು ಬರೆದಿಟ್ಟು ಸತ್ತ ಸುಳ್ಳನ್ನು ನಂಬಿ ಮಗನನ್ನು ಶಪಿಸಿದ ಗಂಡ ಥೀಸಿಯಸ್. ಅಷ್ಟು ಸರಕು ಧಾರಾವಾಹಿಗೆ ಸಾಕು, ಈ ನಾಟಕಕ್ಕೆ ಸಾಲದು. ಮೊದಲ 57 ಸಾಲುಗಳಲ್ಲೇ ಆಫ್ರೊಡೈಟಿ ಎಲ್ಲವನ್ನೂ ಹೇಳಿಬಿಡುತ್ತಾಳೆ: ಹಿಪ್ಪೊಲಿಟಸ್ ತನ್ನನ್ನು ಕಡೆಗಣಿಸಿದ್ದಾನೆ, ಇವತ್ತೇ ಅವನ ಕೊನೆ, ಫೀಡ್ರಾ ಮರ್ಯಾದಸ್ಥೆ, ಆದರೂ ಅವಳೂ ಸಾಯಬೇಕು. ಆಮೇಲೆ ಪ್ರೇಕ್ಷಕನಿಗೆ ‘ಮುಂದೇನು’ ಎಂಬ ಕುತೂಹಲ ಇರುವುದಿಲ್ಲ. ತನಗೆ ಗೊತ್ತಿರುವುದು ರಂಗದ ಮೇಲಿರುವವರಿಗೆ ಗೊತ್ತಿಲ್ಲವಲ್ಲ ಎಂಬ ಸಂಕಟ ಇರುತ್ತದೆ. ಫೀಡ್ರಾ ತನ್ನ ಗುಟ್ಟನ್ನು ಬಾಯಿಬಿಡದಿರಲು ಒದ್ದಾಡುವ ದೃಶ್ಯ ನಿಲ್ಲುವುದೇ ಆ ಸಂಕಟದ ಮೇಲೆ.

ತೋರಿಸುವ ಕ್ರಮ ಹೀಗಿರಲಿ. ಅರಮನೆ ಬಾಗಿಲಿನ ಎರಡು ಪಕ್ಕದಲ್ಲಿ ಎರಡು ಮೂರ್ತಿಗಳು, ನಾಟಕದುದ್ದಕ್ಕೂ. ಹಿಪ್ಪೊಲಿಟಸ್ ಬೇಟೆಯಿಂದ ಬಂದವನು ಆರ್ಟೆಮಿಸ್‌ಗೆ ಹೂಮಾಲೆ ಹಾಕುತ್ತಾನೆ. ಮುದಿ ಸೇವಕ ಇನ್ನೊಂದು ಮೂರ್ತಿಯನ್ನು ನೆನಪಿಸಿದಾಗ, ಅವಳಿಗೆ ನನ್ನದು ದೂರದಿಂದಲೇ ನಮಸ್ಕಾರ ಎನ್ನುತ್ತಾನೆ. ಒಳಗೆ ಹೋಗುವಾಗ ಅವನು ಆಫ್ರೊಡೈಟಿಯ ಮೂರ್ತಿಗೆ ತೀರ ಹತ್ತಿರದಿಂದಲೇ, ತಿರುಗಿ ನೋಡದೆ ಹಾದುಹೋಗಲಿ. ಅಪರಾಧ ಏನೆಂದು ಮಾತಿಲ್ಲದೆ ತಿಳಿಯುತ್ತದೆ.

ಆರ್ಟೆಮಿಸ್ ಮಾತ್ರ ಮೇಲೆಯೇ ಕಾಣಿಸಿಕೊಳ್ಳಬೇಕು. ಬಾಗಿಲ ಹಿಂದೆ ಏಳೆಂಟು ಅಡಿ ಎತ್ತರದ ಗಟ್ಟಿ ಅಟ್ಟಣಿಗೆ ಸಾಕು. ಏಣಿ ಹಿಂಬದಿಯಲ್ಲಿರಲಿ, ನಟಿ ಹತ್ತುವುದು ಕಂಡರೆ ದೇವತೆ ಹೋಗಿ ಹೆಂಚು ರಿಪೇರಿಗೆ ಬಂದವಳಾಗುತ್ತಾಳೆ. ನಮ್ಮವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ದೇವರು ಪ್ರತ್ಯಕ್ಷವಾದ ಕೂಡಲೇ ಶಂಖ, ಜಾಗಟೆ, ಹೊಗೆ, ನೀಲಿ ಬೆಳಕು! ಕಂಪನಿ ನಾಟಕದಲ್ಲಿ ಅದರರ್ಥ ‘ಕಷ್ಟ ತೀರಿತು’ ಎಂದು. ಆರ್ಟೆಮಿಸ್ ಯಾರ ಕಷ್ಟವನ್ನೂ ತೀರಿಸುವುದಿಲ್ಲ. ಥೀಸಿಯಸ್‌ಗೆ ಸತ್ಯ ಹೇಳಿ ಅವನನ್ನು ಕುಗ್ಗಿಸುತ್ತಾಳೆ, ಆಫ್ರೊಡೈಟಿಯ ಮೆಚ್ಚಿನವನೊಬ್ಬನನ್ನು ತಾನೂ ಕೊಲ್ಲುತ್ತೇನೆ ಎನ್ನುತ್ತಾಳೆ, ಭಕ್ತ ಇನ್ನೂ ಉಸಿರಾಡುತ್ತಿರುವಾಗಲೇ ಹೊರಟುಬಿಡುತ್ತಾಳೆ. ದೇವತೆಗಳು ಸಾವನ್ನು ನೋಡಬಾರದಂತೆ. ಅವಳು ಹೋದ ಮೇಲೆ ನೆಲದ ಮೇಲೆ ತಂದೆ, ಮಗ ಇಬ್ಬರೇ. ಮಗ ತಂದೆಯನ್ನು ಕ್ಷಮಿಸುತ್ತಾನೆ. ಮೇಲಿನ ಅಟ್ಟಣಿಗೆ ಆಗ ಖಾಲಿ ಕಾಣಬೇಕು, ಬೆಳಕು ಆರಿಸಿ ಮರೆಮಾಡಬೇಡಿ. ಮೂಲದಲ್ಲಿ ಇದೆಲ್ಲ ನಡೆದದ್ದು ಹಾಡುಹಗಲಿನಲ್ಲಿ.

ಪ್ರಶ್ನೆ: ಕಥೆ ಸಿಕ್ಕುಬಿದ್ದಾಗ ಯಂತ್ರದಿಂದ ದೇವರನ್ನು ಇಳಿಸುವುದು ನಾಟಕಕಾರನ ಸೋಮಾರಿತನವಲ್ಲವೇ?

ಉತ್ತರ: ಅರಿಸ್ಟಾಟಲ್ ಹೀಗೇ ಆಕ್ಷೇಪಿಸಿದ. ಗಂಟು ಬಿಡಿಸುವಿಕೆ ಕಥೆಯೊಳಗಿಂದಲೇ ಬರಬೇಕು ಎಂದು ಅವನು ಉದಾಹರಿಸಿದ್ದು ಯೂರಿಪಿಡೀಸನ ಕ್ರಿ.ಪೂ. 431ರ ‘ಮೀಡಿಯಾ’ವನ್ನು. ಈ ಉದಾಹರಣೆಯ ಮಟ್ಟಿಗೆ ಅವನ ಮಾತು ನಮಗೆ ಒಪ್ಪಿಗೆಯಿಲ್ಲ. ಅಲ್ಲಿ ಎತ್ತರದಲ್ಲಿ ಕಾಣಿಸುವುದು ದೇವರಲ್ಲ, ಆಗಷ್ಟೇ ತನ್ನ ಮಕ್ಕಳನ್ನು ಕೊಂದ ತಾಯಿ. ದೇವರ ಜಾಗದಲ್ಲಿ, ಅಜ್ಜ ಸೂರ್ಯನ ರಥದಲ್ಲಿ ಅವಳು ನಿಂತಿದ್ದಾಳೆ, ಕೆಳಗಿನಿಂದ ಗಂಡ ಕಿರುಚುತ್ತಿದ್ದಾನೆ, ಆಕಾಶದಿಂದ ಯಾರೂ ಇಳಿದು ಅವಳನ್ನು ಶಿಕ್ಷಿಸುವುದಿಲ್ಲ. ಆ ಗಾಬರಿ ಹುಟ್ಟಲು ಯಂತ್ರವೇ ಬೇಕು. ಸೊಫೊಕ್ಲೀಸನ ಕ್ರಿ.ಪೂ. 409ರ ‘ಫಿಲೊಕ್ಟೀಟಿಸ್’ನಲ್ಲಿ, ದೇವರಾದ ಹೆರಾಕ್ಲೀಸ್ ಬಂದು ಎಲ್ಲವನ್ನೂ ತಿರುಗಿಸುವಾಗ ಬೇಕಾದರೆ ಜಗಳ ತೆಗೆಯಿರಿ.

ಯಂತ್ರ ಎಂದರೆ ಮರದ ಕ್ರೇನು, ಹಗ್ಗ, ಅದನ್ನು ಎಳೆಯುವ ಆಳು. ಅರಿಸ್ಟೋಫೆನೀಸನ ‘ಶಾಂತಿ’ (ಕ್ರಿ.ಪೂ. 421) ಪ್ರಹಸನದಲ್ಲಿ ಸಗಣಿಹುಳುವಿನ ಮೇಲೆ ಕೂತು ಸ್ವರ್ಗಕ್ಕೆ ಹಾರುವ ರೈತ ಟ್ರೈಗೇಯಸ್, ನಡುವೆ ಪಾತ್ರ ಬಿಟ್ಟು ಕ್ರೇನಿನವನಿಗೇ ‘ಹುಷಾರಪ್ಪಾ’ ಎಂದು ಕೂಗುತ್ತಾನೆ. ನೀವು ನಟರನ್ನು ಹಗ್ಗಕ್ಕೆ ತೂಗುಹಾಕುವ ಸಾಹಸಕ್ಕೆ ಹೋಗಬೇಡಿ. ಅಟ್ಟಣಿಗೆಯಲ್ಲೇ ಕೆಲಸ ಆಗುತ್ತದೆ.

ಪ್ರಶ್ನೆ: ಇದೆಲ್ಲ ದ್ರಾಕ್ಷಾರಸದ ದೇವರಾದ ಡಯನೈಸಸ್‌ನ ಪೂಜೆಯೋ, ಮನರಂಜನೆಯೋ?

ಉತ್ತರ: ಎರಡೂ, ಜೊತೆಗೆ ಸ್ಪರ್ಧೆ. ವಸಂತದ ಡಯನೈಸಿಯ ಹಬ್ಬದಲ್ಲಿ ದೇವರ ಮೂರ್ತಿಯನ್ನು ರಂಗಸ್ಥಳಕ್ಕೇ ತರುತ್ತಿದ್ದರು. ಮೂವರು ಕವಿಗಳು, ತಲಾ ಮೂರು ದುರಂತ ನಾಟಕ, ಒಂದು ಸ್ಯಾಟಿರ್ ನಾಟಕ (ಅರೆಪ್ರಾಣಿ, ಅರೆಮನುಷ್ಯರ ಮೇಳವಿರುವ ಹಾಸ್ಯ ನಾಟಕ). ಮೇಳದ ಖರ್ಚು ಊರಿನ ಶ್ರೀಮಂತನೊಬ್ಬನದು. ಮುಂದಿನ ಸಾಲಿನಲ್ಲಿ ಡಯನೈಸಸ್‌ನ ಅರ್ಚಕನಿಗೆ ಗೌರವದ ಆಸನ. ಅರಿಸ್ಟೋಫೆನೀಸನ ಕ್ರಿ.ಪೂ. 405ರ ‘ಕಪ್ಪೆಗಳು’ ಪ್ರಹಸನದಲ್ಲಿ ಪಾತಾಳದ ಭೂತಕ್ಕೆ ಹೆದರಿದ ಡಯನೈಸಸ್, ಆ ಆಸನದಲ್ಲಿ ಕೂತಿರುವ ತನ್ನ ಅರ್ಚಕನನ್ನೇ ಕರೆದು ‘ಕಾಪಾಡಯ್ಯ, ಆಮೇಲೆ ನಿನ್ನ ಜೊತೆ ಕುಡಿಯಬೇಕು’ ಎಂದು ಅಂಗಲಾಚುತ್ತಾನೆ. ಅದೇ ವರ್ಷದ ಸುಮಾರಿಗೆ, ಯೂರಿಪಿಡೀಸ್ ಸತ್ತ ಮೇಲೆ ಆಡಿದ ‘ಬ್ಯಾಕೇ’ಯಲ್ಲಿ ಇದೇ ದೇವರು ನಗುನಗುತ್ತ ಪೆಂಥಿಯಸ್ ರಾಜನನ್ನು ಅವನ ತಾಯಿಯ ಕೈಯಲ್ಲೇ ಸೀಳಿಸಿಹಾಕುತ್ತಾನೆ. ಮಾತನಾಡುವ ನಟರು ಮೂವರೇ ಆದ್ದರಿಂದ ಪೆಂಥಿಯಸ್ ಮತ್ತು ತಾಯಿ ಅಗಾವೆ ಎರಡನ್ನೂ ಒಬ್ಬನೇ ಮಾಡಿರಬೇಕು. ಅವರು ರಂಗದ ಮೇಲೆ ಒಟ್ಟಿಗೆ ಬರುವುದೇ ಇಲ್ಲ. ಅಗಾವೆ ಹಿಡಿದು ತರುವ ಮಗನ ತಲೆ, ಅದೇ ನಟ ಆಗಷ್ಟೇ ಕಳಚಿಟ್ಟ ಮುಖವಾಡ. ನೀವು ಮುಖವಾಡ ಬಳಸುವುದಾದರೆ ಬಾಯಿಯ ತೂತು ಎರಡು ಬೆರಳು ಅಗಲವಾದರೂ ಇರಲಿ, ಗಲ್ಲಕ್ಕೆ ಒತ್ತದಿರಲಿ. ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಒಳಗೇ ಉಳಿಯುತ್ತವೆ.

ಪ್ರಶ್ನೆ: ಪ್ರಾಚೀನ ಗ್ರೀಕ್ ನಾಟಕವೊಂದರಲ್ಲಿ ಕನ್ನಡ ಮಾತುಗಳಿವೆ ಎನ್ನುತ್ತಾರೆ. ನಿಜವೇ?

ಉತ್ತರ: ನಾಟಕ ನಿಜ, ಕನ್ನಡ ಸಾಬೀತಾಗಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಕ್ರಿ.ಶ. ಎರಡನೆಯ ಶತಮಾನದ ಪಪೈರಸ್ (ಜೊಂಡಿನ ಹಾಳೆಯ ಹಸ್ತಪ್ರತಿ) ಅದು. 1903ರಲ್ಲಿ ಪ್ರಕಟವಾಯಿತು, ಸಂಖ್ಯೆ 413. ಭಾರತದ ಕರಾವಳಿಯ ರಾಜನ ಬಳಿ ಸೆರೆಯಲ್ಲಿರುವ ಖಾರಿಶನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಸೋದರ ಮತ್ತು ಅವನ ಸಂಗಡಿಗರು ಬಿಡಿಸಿಕೊಂಡು ಹೋಗುವ ಪ್ರಹಸನ. ಅಚ್ಚು ಯೂರಿಪಿಡೀಸನ ‘ಟಾರಿಸ್‌ನ ಇಫಿಜೀನಿಯಾ’ದ್ದು, ಆದರೆ ತಲೆಕೆಳಗಾಗಿ. ಅಲ್ಲಿ ಆರ್ಟೆಮಿಸ್‌ನ ಮೂರ್ತಿಯನ್ನೇ ಹೊತ್ತು ಓಡುತ್ತಾರೆ, ಅಥೀನಾ ಪ್ರತ್ಯಕ್ಷಳಾಗಿ ಅನುಮೋದಿಸುತ್ತಾಳೆ. ಇಲ್ಲಿ ವಿದೂಷಕ ಗುಡಿಯ ಒಡವೆ ಕದಿಯೋಣ ಎಂದರೆ ಖಾರಿಶನ್ ಒಪ್ಪುವುದಿಲ್ಲ. ರಕ್ಷಣೆಗೆ ಯಾವ ದೇವರೂ ಇಳಿಯುವುದಿಲ್ಲ. ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ರಾಜನನ್ನು ಕೆಡವುತ್ತಾರೆ, ವಿದೂಷಕ ಹೂಸು ಬಿಟ್ಟು ಶತ್ರುಗಳನ್ನು ಓಡಿಸುತ್ತಾನೆ.

ರಾಜನ ಕಡೆಯವರ ಮಾತು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಅಲ್ಲ. ಅದು ಕನ್ನಡ ಇರಬಹುದೆಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಷ್ ಸೂಚಿಸಿದರು, ಮುಂದೆ ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ವಿವರವಾಗಿ ಕೈಹಾಕಿದರು. ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂಬ ಓದು ತುಂಬ ಜನಪ್ರಿಯ. ಸಂದರ್ಭಕ್ಕೆ ಹೊಂದುತ್ತದೆ, ನಿಜ. ತೊಡಕು ಏನೆಂದರೆ ಅದು ಅತಿಯಾಗಿ ಇವತ್ತಿನ ಕನ್ನಡದಂತಿದೆ: ಪಕಾರ ಹಕಾರವಾದದ್ದು ಸುಮಾರು ಹತ್ತನೆಯ ಶತಮಾನದ ಈಚೆಗೆ, ಎರಡನೆಯ ಶತಮಾನದಲ್ಲಿ ‘ಹಾಕಿ’ ಬರಲು ದಾರಿಯಿಲ್ಲ. ನಗಿಸಲು ಹೊಸೆದ ಅರ್ಥವಿಲ್ಲದ ಸದ್ದು ಎಂಬ ವಾದವೂ ಇದೆ. ಕನ್ನಡಕ್ಕೂ ಗ್ರೀಕ್ ನಾಟಕಕ್ಕೂ ಅನುಮಾನವಿಲ್ಲದ ನಂಟು ಬೇಕಿದ್ದರೆ 1929ಕ್ಕೆ ಬನ್ನಿ: ಸೊಫೊಕ್ಲೀಸನ ‘ಏಜಾಕ್ಸ್’ ಅಚ್ಚಿನಲ್ಲಿ ಬಿ.ಎಂ.ಶ್ರೀ. ಬರೆದ ‘ಅಶ್ವತ್ಥಾಮನ್’.

ಖಾರಿಶನ್ ಪ್ರಹಸನವನ್ನು ಆಡುವವರಿಗೆ ಒಂದು ಅನುಕೂಲವಿದೆ. ದುರಂತ ನಾಟಕಗಳ ಹಸ್ತಪ್ರತಿಗಳಲ್ಲಿ ರಂಗಸೂಚನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ಪಪೈರಸ್ಸಿನಲ್ಲಿ ಚರ್ಮವಾದ್ಯದ ಪೆಟ್ಟು ಎಲ್ಲಿ, ಹೂಸು ಎಲ್ಲಿ ಎಂಬ ಗುರುತುಗಳೂ ಇವೆ.