ಐಎನ್‌ಎಸ್ ವಿರಾಟ್ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡದೆ ಗುಜರಿಗೆ ಹಾಕಿದ್ದೇಕೆ?

ಮುಖ್ಯ ಕಾರಣ ಹಣ. 1959ರಲ್ಲಿ ‘ಹರ್ಮೀಸ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೇರಿ, 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಪಾಲ್ಗೊಂಡು, 1987ರಲ್ಲಿ ಭಾರತೀಯ ನೌಕಾಪಡೆಗೆ ಬಂದ ಈ ವಿಮಾನವಾಹಕ ನೌಕೆ 2017ರ ಮಾರ್ಚ್ 6ರಂದು ಮುಂಬೈನಲ್ಲಿ ನಿವೃತ್ತವಾಯಿತು. ಅಷ್ಟರೊಳಗೆ ಕೊಚ್ಚಿಯಲ್ಲಿ ಅದರ ಬಾಯ್ಲರ್, ಎಂಜಿನ್, ಪ್ರೊಪೆಲರ್‌ಗಳನ್ನು ಕಳಚಲಾಗಿತ್ತು. ಮುಂಬೈಗೆ ಅದನ್ನು ಟಗ್‌ಗಳೇ (ಹಡಗು ಎಳೆಯುವ ದೋಣಿಗಳು) ಎಳೆದು ತಂದಿದ್ದವು. ಅದನ್ನು ಸಂಗ್ರಹಾಲಯ ಮಾಡಲು ಆಂಧ್ರಪ್ರದೇಶ ಆಸಕ್ತಿ ತೋರಿತ್ತು; ಮಹಾರಾಷ್ಟ್ರ ಸಂಪುಟವಂತೂ 2018ರಲ್ಲಿ 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆಯನ್ನೇ ಕೊಟ್ಟಿತ್ತು. ಆದರೆ ಉಪ್ಪುನೀರಿನಲ್ಲಿ ನಿಂತ ಹಳೆಯ ಉಕ್ಕಿನ ಒಡಲು ತುಕ್ಕು ಹಿಡಿಯದಂತೆ ವರ್ಷವರ್ಷವೂ ಸುರಿಯಬೇಕಾದ ಹಣದ ಹೊರೆಯನ್ನು ಯಾರೂ ಕೊನೆಯವರೆಗೆ ಹೊರಲಿಲ್ಲ. ಭಾರತದ ಇನ್ನೊಂದು ವಿಮಾನವಾಹಕ ನೌಕೆ ಹಳೆಯ ವಿಕ್ರಾಂತ್ ಸಂಗ್ರಹಾಲಯವಾದ ಮೇಲೂ 2014ರಲ್ಲಿ ಗುಜರಿ ಪಾಲಾದದ್ದನ್ನು ನೆನೆದರೆ ಇದು ಅನಿರೀಕ್ಷಿತವೇನಲ್ಲ.

2020ರಲ್ಲಿ 38.54 ಕೋಟಿ ರೂಪಾಯಿಗೆ ಹರಾಜಾದ ವಿರಾಟ್ ಗುಜರಾತಿನ ಹಡಗು ಒಡೆಯುವ ತಾಣ ಅಲಂಗ್ ಸೇರಿತು. ಅಲ್ಲಿ ದೊಡ್ಡ ಉಬ್ಬರದ ದಿನ ನೋಡಿ ಹಡಗನ್ನು ದಡಕ್ಕೆ ಏರಿಸಿ, ಉಳಿದ ಎಣ್ಣೆ, ಆಸ್ಬೆಸ್ಟಾಸ್‌ನಂಥ ಅಪಾಯಕಾರಿ ವಸ್ತುಗಳನ್ನು ಹೊರತೆಗೆದು, ಮೂತಿಯ ಕಡೆಯಿಂದ ಗ್ಯಾಸ್ ಕಟರ್‌ನಲ್ಲಿ ತುಂಡುತುಂಡಾಗಿ ಕತ್ತರಿಸುತ್ತಾರೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕೆಲಸಕ್ಕೆ ತಡೆ ನೀಡಿತಾದರೂ, ಆಗಲೇ ಶೇ 40ರಷ್ಟು ಒಡೆದಾಗಿದೆ ಎಂಬ ಕಾರಣಕ್ಕೆ ಏಪ್ರಿಲ್‌ನಲ್ಲಿ ನೌಕೆಯನ್ನು ಉಳಿಸಲು ಕೋರಿದ್ದ ಅರ್ಜಿಯನ್ನು ತಳ್ಳಿಹಾಕಿತು.