ಕಡಿಮೆ ಓಡಿದ ಹಳೆಯ ಆರ್‌ಎಕ್ಸ್‌-7ಗೆ ಹರಾಜಿನಲ್ಲಿ ಎಷ್ಟು ಹೆಚ್ಚು ಕೊಡಬಹುದು?

ನೀವು ಕಾಸರಗೋಡು ಕಡೆಯ ಉಪ್ಪಳದವರು, ಈಗ ಪರ್ತ್‌ನಲ್ಲಿದ್ದೀರಿ. ಆನ್‌ಲೈನ್ ಹರಾಜಿಗೆ ಬಂದಿರುವ ಮಜ್ದಾ ಆರ್‌ಎಕ್ಸ್‌-7, ಜಪಾನಿನ ಸ್ಪೋರ್ಟ್ಸ್ ಕಾರು, ಎಫ್‌ಡಿ ಮಾಡೆಲ್, ಮೀಟರಿನಲ್ಲಿ 60 ಸಾವಿರ ಕಿ.ಮೀ., ಜಪಾನಿನ ಹರಾಜಿನವರು ಪರೀಕ್ಷಿಸಿ ಬರೆದ ಹಾಳೆಯಲ್ಲಿ ಗ್ರೇಡ್ 4. ಇಷ್ಟು ಕಡಿಮೆ ಓಡಿದ್ದಕ್ಕೆ ಎಷ್ಟು ಹೆಚ್ಚು ಕೊಡಬಹುದು ಎಂದು ನಿಮ್ಮ ಪ್ರಶ್ನೆ. ಒಂದು ಡಾಲರೂ ಬೇಡ ಮಾರಾಯ್ರೆ. ಇದೇ ಲೆಕ್ಕ ಹಾಕಿ ಕೈಸುಟ್ಟುಕೊಂಡವರು ನಾನು ಮತ್ತು ನನ್ನ ಭಾವ.

ಭಾವ ಇರುವುದು ಮೆಲ್ಬರ್ನ್‌ನಲ್ಲಿ. ನಾನು ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡು ಇರುವವನು. ದುಡ್ಡು ಇಬ್ಬರದ್ದು, ಕಾರು ಅವರ ಶೆಡ್ಡಿನಲ್ಲಿ, ಕೆಲವು ವರ್ಷ ಬಿಟ್ಟು ಮಾರಿ ಬಂದದ್ದನ್ನು ಹಂಚಿಕೊಳ್ಳುವುದು ಎಂದು ಮಾತಾಗಿತ್ತು. ಮಾವನವರಿಗೆ ಮೊದಲೇ ಇದು ಸರಿಬರಲಿಲ್ಲ. "ನೀನು ಕೂತು ನೋಡಲಿಕ್ಕೂ ಇಲ್ಲದ ಕಾರಿಗೆ ನಿನ್ನ ದುಡ್ಡು ಎಂತಕ್ಕೆ?" ಎಂದು ಊಟದ ಹೊತ್ತಿಗೆಲ್ಲ ಕೇಳುತ್ತಿದ್ದರು. ನನಗಾದರೋ ಹುಚ್ಚು ಹಿಡಿದಿತ್ತು. ಮಳೆಗಾಲ ಬೇರೆ, ಅಡಿಕೆಗೆ ಮದ್ದು ಬಿಡುವವರು ಬಾರದ ದಿನ ಜಗಲಿಯಲ್ಲಿ ಕೂತು ಫೋನಿನಲ್ಲಿ ಹಳೆಯ ಹರಾಜುಗಳನ್ನೇ ಓದುವುದು. ಎಫ್‌ಡಿ 1991ರ ಕೊನೆಯಿಂದ 2002ರ ತನಕ ಬಂತು, ಶುರುವಿನದ್ದಕ್ಕೆ 255 ಅಶ್ವಶಕ್ತಿ, 1996ರಲ್ಲಿ 265, 1999ರಲ್ಲಿ 280, ಕೊನೆಗೆ ಬಂದ ಸ್ಪಿರಿಟ್ ಆರ್ ಎನ್ನುವ ಮಾಡೆಲ್ ಮಾಡಿದ್ದು 1500 ಕಾರು ಮಾತ್ರ. ಎಲ್ಲ ಬಾಯಿಪಾಠ. ಯಾವ ಬಣ್ಣಕ್ಕೆ ಎಷ್ಟು ಕೂಗುತ್ತಾರೆ ಎನ್ನುವುದೂ ಗೊತ್ತಿತ್ತು. ಇಂಜಿನ್ ಒಳಗೆ ಏನು ನಡೆಯುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ನಾವು ಹಿಡಿದ ಕಾರು ಆಸ್ಟ್ರೇಲಿಯಕ್ಕೆ ಆಗಲೇ ಬಂದು ನೋಂದಣಿಯಾದದ್ದು. ಮಾರುವವನು ಜಪಾನಿನ ಹರಾಜಿನ ಹಾಳೆಯನ್ನೂ ಹಾಕಿದ್ದ: ಗ್ರೇಡ್ 4, ಕಾರಿನ ಒಳಾಂಗಣಕ್ಕೆ ಬಿ. ಆ ಹಾಳೆಯ ದಿನಾಂಕಕ್ಕೂ ಹರಾಜಿಗೂ ಆರು ವರ್ಷದ ಅಂತರ, ಅಷ್ಟರಲ್ಲಿ ಓಡಿದ್ದು ಎರಡು ಸಾವಿರ ಕಿ.ಮೀ. ನಮಗೆ ಖುಷಿಯೋ ಖುಷಿ. ಶೆಡ್ಡಿನಿಂದ ಹೊರಗೆ ತೆಗೆಯದೆ ಜೋಪಾನವಾಗಿ ಇಟ್ಟಿದ್ದಾನೆ ಎಂದುಕೊಂಡೆವು.

ಈಗ ನನ್ನ ತಪ್ಪು ಹೇಳುತ್ತೇನೆ. ಉದ್ದವಾದರೆ ಕ್ಷಮಿಸಿ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ.

ನಮ್ಮ ಕಡೆ ಹಳೆ ಜೀಪು ಕೊಳ್ಳುವವರ ಕ್ರಮ ನಿಮಗೆ ಗೊತ್ತುಂಟು. ಬೆಳಗ್ಗೆ ಹೇಳದೆ ಕೇಳದೆ ಹೋಗುವುದು, ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡುವುದು, ಆಮೇಲೆ ಸ್ಟಾರ್ಟ್ ಮಾಡಲು ಹೇಳುವುದು. ಬಿಸಿ ಮಾಡಿಟ್ಟ ಡೀಸೆಲ್ ಇಂಜಿನ್ ಎಂಥ ಮುದಿಯಾದರೂ ಸ್ಟಾರ್ಟ್ ಆಗುತ್ತದೆ, ತಣ್ಣಗಿರುವಾಗಲೇ ಅದರ ಬಣ್ಣ ಬಯಲಾಗುವುದು. ಈ ಬುದ್ಧಿಯನ್ನೇ ನಾನು ಮೆಲ್ಬರ್ನಿಗೆ ಕಳಿಸಿದೆ. "ಭಾವ, ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡುವ ವೀಡಿಯೋ ಕೇಳಿ" ಎಂದೆ. ಮಾರುವವನು ಸಂತೋಷದಿಂದ ಕಳಿಸಿದ. ಕೀಲಿ ತಿರುಗಿಸಿದ್ದೇ ಒಂದೇ ಏಟಿಗೆ ಇಂಜಿನ್ ಎದ್ದಿತು. ನಾವು ಗೆದ್ದೆವು ಎಂದುಕೊಂಡೆವು.

ಆದರೆ ಈ ಕಾರಿನದ್ದು ರೋಟರಿ ಇಂಜಿನ್, ಅದರಲ್ಲಿ ಇದು ತಲೆಕೆಳಗು. ಎಫ್‌ಡಿಯ 13ಬಿ ಇಂಜಿನಿನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಅದರ ಬದಲು ಒಳಗೆ ತಿರುಗುವ ಎರಡು ರೋಟರ್ ಇವೆ, ಒಂದೊಂದಕ್ಕೆ ಮೂರು ಮೂಲೆ, ಮೂರು ಮುಖ. ಒಂದೊಂದು ಮೂಲೆಗೆ ಒಂದೊಂದು ಸಪೂರ ಪಟ್ಟಿ, ಏಪೆಕ್ಸ್ ಸೀಲ್ ಎನ್ನುತ್ತಾರೆ. ಒತ್ತಡ ಹಿಡಿದಿಡುವುದು ಮುಖ್ಯವಾಗಿ ಅದು. ಸವೆದ ಸೀಲ್ ಕೂಡ ತಣ್ಣಗಿರುವಾಗ ದಪ್ಪ ಆಯಿಲ್ ಮತ್ತು ಹೆಚ್ಚು ಪೆಟ್ರೋಲಿನ ಬಲದಲ್ಲಿ ಹೇಗೋ ನಡೆಸಿಕೊಂಡು ಹೋಗುತ್ತದೆ. ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಒತ್ತಡ ಸೋರುತ್ತದೆ. ಚೆನ್ನಾಗಿ ಓಡಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಸ್ಟಾರ್ಟರ್ ಸುಮ್ಮನೆ ಸುತ್ತುತ್ತಾ ಇರುತ್ತದೆ, ಇಂಜಿನ್ ಏಳುವುದಿಲ್ಲ. ಕೇಳಬೇಕಿದ್ದದ್ದು ಬಿಸಿ ಸ್ಟಾರ್ಟಿನ ವೀಡಿಯೋ. ನಾನು ಕೇಳಿದ್ದು ಅದರ ಉಲ್ಟಾ. ಮಾರುವವನು ಸುಳ್ಳು ಹೇಳಿದ ಎಂದು ದೂರುವ ಹಾಗೂ ಇಲ್ಲ, ಕೇಳಿದ್ದನ್ನೇ ಕೊಟ್ಟಿದ್ದಾನೆ.

ಕಿಲೋಮೀಟರಿನ ವಿಷಯವೂ ಇಲ್ಲಿಗೇ ಸೇರುತ್ತದೆ. ವರ್ಷಗಟ್ಟಲೆ ನಿಂತ ರೋಟರಿಯಲ್ಲಿ ಸೀಲುಗಳು ಅಂಟಿಕೊಳ್ಳುತ್ತವೆ, ಒಳಗಿನ ಕಬ್ಬಿಣದ ಮೈಗೆ ತುಕ್ಕು ಹಿಡಿಯುತ್ತದೆ, ಕೂಲೆಂಟ್ ಸೋರದಂತೆ ತಡೆಯುವ ರಬ್ಬರ್ ಒಣಗುತ್ತದೆ. ಆರು ವರ್ಷದಲ್ಲಿ ಎರಡೇ ಸಾವಿರ ಓಡಿದ್ದಕ್ಕೆ ನಾವು ಹೆಚ್ಚು ದುಡ್ಡು ಕೊಟ್ಟೆವು. ಕಡಿಮೆ ಕೊಡಬೇಕಿತ್ತು.

ಹರಾಜು ಮುಗಿಯುವ ದಿನ ನಮ್ಮ ಮಧ್ಯಾಹ್ನ ಮೂರೂವರೆ. ಗುಡುಗು ಶುರುವಾಗಿ ಕರೆಂಟು ಹೋಗಿತ್ತು, ಫೋನಿನಲ್ಲಿ ಒಂದೇ ಕಡ್ಡಿ ನೆಟ್‌ವರ್ಕ್. ಕೊನೆಯ ಎರಡು ನಿಮಿಷದಲ್ಲಿ ಯಾರಾದರೂ ಕೂಗಿದರೆ ಗಡಿಯಾರ ಪುನಃ ಎರಡು ನಿಮಿಷಕ್ಕೆ ಹೋಗುವ ಹರಾಜು ಅದು. ಇಂಥಲ್ಲಿ ಕೊನೆಯ ಕ್ಷಣದಲ್ಲಿ ಹಾರಿ ಹಿಡಿಯುವ ಉಪಾಯ ನಡೆಯುವುದಿಲ್ಲ, ಎದುರಿನವನಿಗೂ ಯೋಚಿಸಲು ಸಮಯ ಸಿಗುತ್ತದೆ, ನಿಮಗೂ ಹಠ ಏರುತ್ತದೆ. ನಾವು ಬರೆದಿಟ್ಟ ಮಿತಿ ದಾಟಿದ್ದು "ಇನ್ನು ಐನೂರು ಡಾಲರ್ ತಾನೇ" ಎನ್ನುತ್ತಾ, ಪ್ರತಿ ಸಲವೂ ಅದೇ ಮಾತು.

ಕಾರು ಬಂದ ವಾರವೇ ಭಾವ ಪೆಟ್ರೋಲ್ ಹಾಕಿಸಲು ನಿಲ್ಲಿಸಿದರು, ಮತ್ತೆ ಸ್ಟಾರ್ಟ್ ಆಗಲಿಲ್ಲ. ಟೋ ಮಾಡಿಸಿ ರೋಟರಿ ಕೆಲಸ ಗೊತ್ತಿರುವವನಲ್ಲಿಗೆ ಕೊಂಡುಹೋದರೆ ಹಿಂದಿನ ರೋಟರಿನ ಎರಡು ಮುಖದಲ್ಲಿ ಒತ್ತಡ ಪಾತಾಳಕ್ಕೆ ಇಳಿದಿತ್ತು. ಇಂಜಿನ್ ಬಿಚ್ಚಿ ಪೂರ್ತಿ ರೀಬಿಲ್ಡ್. ನನ್ನ ಪಾಲಿನ ಖರ್ಚಿಗೆ ಬೆಲೆ ಏರಲಿ ಎಂದು ಇಟ್ಟಿದ್ದ ಹಳೆ ಅಡಿಕೆ ಕೊಡಬೇಕಾಯಿತು. ಮಾವನವರು ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಇನ್ನು ನಿಮ್ಮ ಕಾರಿಗೆ ಬನ್ನಿ. ಗ್ರೇಡ್ 4 ಎಂದು ಹಿಗ್ಗಬೇಡಿ. ಜಪಾನಿನ ಹರಾಜಿನಲ್ಲಿ ಪರೀಕ್ಷಕ ಒಂದು ಕಾರಿಗೆ ಕೊಡುವುದು ಕೆಲವೇ ನಿಮಿಷ. ಅವನು ಬರೆಯುವುದು ಹೆಚ್ಚಾಗಿ ಮೈಯ ಲೆಕ್ಕ: ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯು ರಿಪೇರಿಯ ಗುರುತು, ಎಸ್ ತುಕ್ಕು, ಎಕ್ಸ್‌ಎಕ್ಸ್ ಬದಲಿಸಿದ ಭಾಗ. ಗ್ರೇಡಿನ ಜಾಗದಲ್ಲಿ ಆರ್ ಇದ್ದರೆ ಅಪಘಾತವಾಗಿ ರಿಪೇರಿಯಾದದ್ದು. ಕಂಪ್ರೆಷನ್, ಅಂದರೆ ಇಂಜಿನ್ ಒಳಗಿನ ಒತ್ತಡ, ಯಾರೂ ಅಳೆಯುವುದಿಲ್ಲ. ಗೋಣಿಯ ಬಾಯಿ ಬಿಡಿಸಿ ಮೇಲಿನ ಅಡಿಕೆ ನೋಡಿ ರೇಟು ಹೇಳಿದ ಹಾಗೆ ಅದು, ಒಳಗೆ ಪಟೋರ, ಕರಿಗೋಟಿನಂಥ ಕೀಳು ದರ್ಜೆಯದ್ದು ಎಷ್ಟು ಎಂದು ಸುರಿದಾಗಲೇ ಗೊತ್ತಾಗುವುದು. ಆದರೂ ಹಾಳೆ ಬೇಕು, ಮೀಟರ್ ತಿರುಗಿಸಿದ್ದಾರಾ ಎಂದು ಹಿಡಿಯಲಿಕ್ಕೆ. ಚಾಸಿ ಸಂಖ್ಯೆ ಹಾಕಿ ಅದೇ ಕಾರು ಮೊದಲೂ ಹರಾಜಿಗೆ ಬಂದಿತ್ತಾ ಹುಡುಕಿಸಿ. ಎರಡು ಹಾಳೆ ಸಿಕ್ಕಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬೆಲೆ ಕಟ್ಟುವಾಗ ನಾನು ಈಗ ರೀಬಿಲ್ಡಿನಿಂದ ಶುರುಮಾಡುತ್ತೇನೆ. ಪರ್ತ್‌ನಲ್ಲಿ ರೋಟರಿ ಇಂಜಿನ್ ಬಿಚ್ಚುವವರಿಗೆ ಮೊದಲು ಫೋನ್ ಮಾಡಿ, ಪೂರ್ತಿ ರೀಬಿಲ್ಡಿಗೆ ಎಷ್ಟು ಎಂದು ಕೇಳಿ ಬರೆದಿಡಿ. ಅದೇ ವರ್ಷದ, ಅದೇ ಗೇರಿನ, ಇಂಜಿನ್ ಗಟ್ಟಿ ಎಂದು ದಾಖಲೆ ಇರುವ ಕಾರುಗಳು ನಿಜವಾಗಿ ಎಷ್ಟಕ್ಕೆ ಹೋಗಿವೆ ನೋಡಿ. ಮೊದಲನೆಯದನ್ನು ಎರಡನೆಯದರಿಂದ ಕಳೆಯಿರಿ. ನಿಮ್ಮ ಮಿತಿ ಅಷ್ಟೇ. ಮಾರುವವನು ಎರಡು ರೋಟರಿನ ಆರು ಮುಖಕ್ಕೂ ಬೇರೆ ಬೇರೆ ಕಂಪ್ರೆಷನ್ ಅಂಕೆ, ದಿನಾಂಕ ಸಮೇತ, ನಿಮಿಷಕ್ಕೆ 250 ಸುತ್ತಿನ (ಆರ್‌ಪಿಎಂ) ಲೆಕ್ಕಕ್ಕೆ ಹೊಂದಿಸಿದ್ದು ತೋರಿಸಿದರೆ ಮಾತ್ರ ಕಳೆದದ್ದನ್ನು ವಾಪಸ್ ಸೇರಿಸಿ. ಸಾಮಾನ್ಯ ಗ್ಯಾರೇಜಿನ ಗೇಜಿನಲ್ಲಿ ಅಳೆದ ಒಂದೇ ಅಂಕೆ ಕೊಟ್ಟರೆ ನಂಬಬೇಡಿ. ಆ ಗೇಜ್ ಮೂರು ಮುಖದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನೇ ಹಿಡಿದು ತೋರಿಸುತ್ತದೆ, ಕೆಟ್ಟ ಮುಖ ಅದರ ಮರೆಯಲ್ಲಿ ಅಡಗುತ್ತದೆ. ನಮ್ಮ ಕಾರಿನಲ್ಲೂ ಗಟ್ಟಿ ಮುಖ ಒಂದಿತ್ತು.

"ನಿಜವಾಗಿ ಹೋದದ್ದು" ಎಂದೆ ನೋಡಿ, ಅದಕ್ಕೂ ಕಾರಣ ಉಂಟು. ಬ್ರಿಂಗ್ ಎ ಟ್ರೈಲರ್‌ನಂಥ ಅಮೆರಿಕದ ಆನ್‌ಲೈನ್ ಹರಾಜು ತಾಣದಲ್ಲಿ ಹಳೆಯ ಫಲಿತಾಂಶ ಎಲ್ಲರಿಗೂ ಕಾಣುತ್ತದೆ, ಕಲಿಯಲು ಬಹಳ ಒಳ್ಳೆಯದು. ಆದರೆ ಮಾಲೀಕ ಇಟ್ಟ ಕನಿಷ್ಠ ಬೆಲೆ ಮುಟ್ಟದೆ ಮಾರಾಟವೇ ಆಗದ ಕಾರುಗಳ ಕೊನೆಯ ಕೂಗೂ ಅದೇ ಪಟ್ಟಿಯಲ್ಲಿ ಇರುತ್ತದೆ, ಅದನ್ನು ಬೆಲೆ ಎಂದು ಹಿಡಿಯಬೇಡಿ. ಮಾರಾಟವಾದದ್ದರ ಮೇಲೂ ಕೊಂಡವನು ತಾಣಕ್ಕೆ ಬೇರೆ ಶುಲ್ಕ ಕಟ್ಟಿರುತ್ತಾನೆ. ಅಲ್ಲದೆ ಅಮೆರಿಕದಲ್ಲಿ ಹೊಸದಾಗಿ ಮಾರಿದ ಎಫ್‌ಡಿ 1993ರಿಂದ 1995ರ ಮಾಡೆಲಿನವು, ಸ್ಟಿಯರಿಂಗ್ ಎಡಗಡೆ. ನಿಮ್ಮ ಬಲಗಡೆಯ ಕಾರಿಗೆ ಆ ಬೆಲೆ ಅಳತೆಯೇ ಅಲ್ಲ.

ಸೀದಾ ಜಪಾನಿನಿಂದ ತರಿಸುವ ಆಲೋಚನೆಯೂ ಉಂಟು ಎಂದಿದ್ದೀರಿ. 25 ವರ್ಷ ದಾಟಿದ ಕಾರು ಆಸ್ಟ್ರೇಲಿಯಕ್ಕೆ ತರಬಹುದು. ಆದರೆ ಅಲ್ಲಿನ ಡೀಲರ್ ಹರಾಜಿನಲ್ಲಿ ನೀವೇ ಕೂಗುವಂತಿಲ್ಲ, ಏಜೆಂಟ್ ಬೇಕು. ಕೂಗಿದ ಬೆಲೆಯ ಮೇಲೆ ಏಜೆಂಟಿನ ಕಮಿಷನ್, ಹಡಗು, 10 ಶೇಕಡಾ ಜಿಎಸ್‌ಟಿ, ಹಳೆಯ ಗ್ಯಾಸ್ಕೆಟ್ ಮತ್ತು ಬ್ರೇಕಿನಲ್ಲಿ ಕಲ್ನಾರು ಇದ್ದರೆ ಅದರ ಪರೀಕ್ಷೆ, ತೆಗೆಸುವ ಖರ್ಚು. ಬಿಸಿ ಸ್ಟಾರ್ಟ್ ಮಾಡಿ ತೋರಿಸುವವರೂ ಅಲ್ಲಿ ಯಾರೂ ಇಲ್ಲ. ಪರ್ತ್‌ನಲ್ಲೇ ಇರುವ ಕಾರನ್ನು ಒಂದು ಮಧ್ಯಾಹ್ನ ಹೋಗಿ ಓಡಿಸಿ ನೋಡುವುದೇ ನನಗೆ ಮೇಲು.

ಮುಂದೆ ಉಪ್ಪಳಕ್ಕೆ ತರುವ ಆಸೆ ಬಿಟ್ಟುಬಿಡಿ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಭಾರತಕ್ಕೆ ಸಾಮಾನ್ಯ ದಾರಿಯಲ್ಲಿ ತರುವಂತಿಲ್ಲ. ಕಾರ್ನೆಟ್, ಅಂದರೆ ಸ್ವಲ್ಪ ಕಾಲಕ್ಕೆ ಮಾತ್ರ ತರುವ ದಾಖಲೆ, ಮಾಡಿಸಿ ತಂದರೆ ಅವಧಿ ಮುಗಿದಾಗ ವಾಪಸ್ ಕಳಿಸಬೇಕು. ತಂದರೂ ನಮ್ಮ ಒಳರಸ್ತೆಯ ಉಬ್ಬುಗಳಿಗೆ ಆ ಕಾರಿನ ಹೊಟ್ಟೆ ಉಳಿಯಲಿಕ್ಕಿಲ್ಲ.

ಕೊನೆಗೆ ಆಟೋಮ್ಯಾಟಿಕ್ ಬಗ್ಗೆ. ಅಗ್ಗಕ್ಕೆ ಸಿಗುತ್ತದೆ, ಆಮೇಲೆ ಮ್ಯಾನುವಲ್ ಗೇರ್ ಹಾಕಿಸುತ್ತೇನೆ ಎಂದು ಬರೆದಿದ್ದೀರಿ. ಹಾಕಿಸಬಹುದು, ಆದರೆ ಮಾರುವಾಗ ಅದಕ್ಕೆ ಮೂಲ ಮ್ಯಾನುವಲಿನ ಬೆಲೆ ಬರುವುದಿಲ್ಲ. ಓಡಿಸುವ ಖುಷಿಗೆ ಮಾತ್ರ ಕೊಳ್ಳುವುದಾದರೆ ಕೊಳ್ಳಿ, ಆಟೋಮ್ಯಾಟಿಕ್ಕಾಗಿಯೇ ಇಟ್ಟುಕೊಳ್ಳಿ. ಕಂಪ್ರೆಷನ್ ಅಳೆಸದೆ ಮಾತ್ರ ಅದನ್ನೂ ಕೊಳ್ಳಬೇಡಿ.